ಅಂಟು ಹಚ್ಚದ ಕವರು

ಮಾತನಾಡುವಾಗ ಅವರು ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ದೇವದುರ್ಗದಿಂದ ಗಬ್ಬೂರು ಮಾರ್ಗವಾಗಿ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರಾಗಿದ್ದವರು. ಟಿಕೆಟ್ ಕೇಳುವಾಗ, "ಒಳಗ ಸರೀರಿ ಯವ್ವಾ" ಎನ್ನುವಾಗ, ನಗುವಾಗಂತೂ ತಪ್ಪದೆ, ಆ ಕೈ ಮೇಲೇಳುತ್ತಿತ್ತು. ಎದುರಿನವರಿಗೆ ಉಗುಳು ಸಿಡಿಯಬಾರದೆಂದು ಬಾಯಿ ಮರೆಮಾಡಿ ಮಾತನಾಡುವ ಹಳೆಯ ನಡವಳಿಕೆ ನಮ್ಮ ಕಡೆ ಕೆಲವರಲ್ಲಿ ಈಗಲೂ ಇದೆ. ಅವರದೂ ಅದೇ ಎಂದು ಎಲ್ಲರೂ ತಿಳಿದಿದ್ದೆವು. ಡಿಪೋದಲ್ಲಿ ಒಮ್ಮೆ ಅವರಿಗೆ ಶಾಲು ಹೊದಿಸಿದಾಗ ಒಬ್ಬ ಅಧಿಕಾರಿ ಭಾಷಣದಲ್ಲಿ ಆ ವಿನಯವನ್ನೇ ಹೊಗಳಿದರು. ಆ ಸುದ್ದಿಯನ್ನು ನಾನೇ ಬರೆದೆ, 'ವಿನಯವಂತ' ಎಂಬ ಪದವನ್ನೂ ಬರೆದೆ.

ಅದು ವಿನಯವಾಗಿರಲಿಲ್ಲ. ಅವರ ವಸಡುಗಳಲ್ಲಿ ರಕ್ತ ಜಿನುಗುತ್ತಿತ್ತು, ಬಾಯಿ ನಾರುತ್ತಿತ್ತು. ಅದು ಯಾರಿಗೂ ತಿಳಿಯಬಾರದೆಂದು ಆ ಕೈ.

ಅವರು ತೀರಿಕೊಂಡು ಮೂರು ವಾರವಾಯಿತು. ಮೂತ್ರಪಿಂಡಗಳು ಕೆಟ್ಟು ಎರಡು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದರು. ಇಲ್ಲಿ ಅವರ ಕಾಯಿಲೆಯ ವಿವರ ಬರುವುದರಿಂದ ಹೆಸರು ಬರೆಯುವುದಿಲ್ಲ. ಬಸ್ಸಿನಲ್ಲಿ ಓಡಾಡಿದವರಿಗೆ ಆ ಕೈ ನೆನಪಿದ್ದರೆ ಸಾಕು.

ನಾನು ಅವರನ್ನು ಮೊದಲು ಕಂಡಾಗ ದೇವದುರ್ಗದಲ್ಲಿ ತಾಲ್ಲೂಕು ವರದಿಗಾರನಾಗಿದ್ದೆ. ಪತ್ರಿಕೆಯ ಜಿಲ್ಲಾ ಕಚೇರಿ ರಾಯಚೂರಿನಲ್ಲಿ. ಫ್ಯಾಕ್ಸ್ ಯಂತ್ರ ಇತ್ತು, ಆದರೆ ಲೈನ್ ಸಿಗುತ್ತಿರಲಿಲ್ಲ. ಹಾಗಾಗಿ ಸುದ್ದಿಯನ್ನು ಕೈಯಲ್ಲಿ ಬರೆದು, ಫೋಟೊ ಇದ್ದರೆ ಜೊತೆಗಿಟ್ಟು, ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಎಲ್ಲ ಪತ್ರಿಕೆಯವರ ರೂಢಿ. ರಾಯಚೂರು ನಿಲ್ದಾಣದಲ್ಲಿ ಕಚೇರಿಯವರು ಬಂದು ಇಸಿದುಕೊಳ್ಳುತ್ತಿದ್ದರು. ಬೇರೆ ಕಂಡಕ್ಟರುಗಳು ಕವರನ್ನು ಡ್ರೈವರನ ಮುಂದಿನ ಗಾಜಿಗೆ ಸಿಕ್ಕಿಸಿ ಮರೆತುಬಿಡುತ್ತಿದ್ದರು. ಇವರು ಅಂಗಿಯೊಳಗೆ ಎದೆಗೆ ಹತ್ತಿಸಿ ಇಟ್ಟುಕೊಳ್ಳುತ್ತಿದ್ದರು. ಇವರ ಕೈಯಲ್ಲಿ ಕೊಟ್ಟ ಕವರು ಒಂದು ದಿನವೂ ತಪ್ಪಲಿಲ್ಲ.

ಎರಡನೆಯ ವಾರವೇ ಒಂದು ಷರತ್ತು ಹಾಕಿದರು.

"ಕವರಿಗೆ ಅಂಟು ಹಚ್ಚಬ್ಯಾಡ್ರಿ ಪೇಪರ್‌ನೋರ."

"ಯಾಕ್ರೀ?"

"ಗಬ್ಬೂರು ದಾಟಿದ ಮ್ಯಾಲ ಟಿಕೇಟ್ ಮುಗೀತಾವ. ರಾಯಚೂರು ಮುಟ್ಟೋ ತನಕ ನಾ ಏನು ಓದ್ಲಿ?"

ಅಂದಿನಿಂದ ನಾನು ಕವರಿಗೆ ಅಂಟು ಹಚ್ಚಲಿಲ್ಲ. ಬಾಗಿಲ ಬಳಿಯ ತಮ್ಮ ಸೀಟಿನಲ್ಲಿ ಕೂತು ನಾನು ಬರೆದದ್ದನ್ನೆಲ್ಲ ಓದುತ್ತಿದ್ದರು, ಮರುದಿನ ಅಚ್ಚಾದದ್ದನ್ನೂ ಓದುತ್ತಿದ್ದರು. ಎರಡರ ನಡುವೆ ಏನು ಉಳಿಯಿತು, ಏನು ಹೋಯಿತು ಎಂದು ಜಿಲ್ಲೆಯಲ್ಲಿ ತಿಳಿದಿದ್ದದ್ದು ನನ್ನನ್ನು ಬಿಟ್ಟರೆ ಅವರಿಗೆ ಮಾತ್ರ.

"ಏನ್ರೀ, ಕಾರ್ಯಕ್ರಮದಾಗ ಎಲ್ಲಾರೂ 'ಉಪಸ್ಥಿತರಿದ್ದರು' ಅಂತ ಬರೀತೀರಿ. ಒಬ್ರಾದ್ರೂ ನಡುವ ಎದ್ದು ಹೋಗಂಗಿಲ್ಲೇನು?"

ಇನ್ನೊಂದು ದಿನ: "'ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು' ಅಂದ್ರ ಬಂದು ಚಾ ಕುಡುದು ಹೋದ್ರು ಅಂತ ತಿಳ್ಕೋಬೇಕಾ?"

ಕೈ ಬಾಯಿಗೆ ಅಡ್ಡ ಇರುತ್ತಿದ್ದುದರಿಂದ ನಗುತ್ತಿದ್ದಾರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕಣ್ಣು ನೋಡಿ ತಿಳಿಯಬೇಕಿತ್ತು.

ಒಮ್ಮೆ ಒಂದು ಅಪಘಾತದ ಸುದ್ದಿಯಲ್ಲಿ ನಾನು ಊರಿನ ಹೆಸರು ತಪ್ಪು ಬರೆದಿದ್ದೆ. ಅವರು ಓದುವಾಗಲೇ ಹಿಡಿದರು. ಆದರೆ ಹಾಳೆಯ ಮೇಲೆ ಪೆನ್ನು ಆಡಿಸಲಿಲ್ಲ. ರಾಯಚೂರಿನಲ್ಲಿ ಕವರು ಕೊಡುವಾಗ ಬಾಯಲ್ಲಿ ಹೇಳಿದರು, "ಇದರಾಗ ಊರು ತಪ್ಪು ಅದ, ಪೇಪರ್‌ನೋರಿಗೆ ಫೋನ್ ಹಚ್ಚಿ ಕೇಳ್ರಿ." ನೀವೇ ತಿದ್ದಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದೆ. "ಬರದವ್ರು ನೀವು. ನಾ ಒಯ್ಯಾಂವ" ಎಂದರು.

ಸೀಟಿಯ ವಿಷಯವನ್ನೂ ಹೇಳಬೇಕು. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಇವರ ಸೀಟಿ ಬಿಳಿ ಪ್ಲಾಸ್ಟಿಕ್ಕಿನದು. ಒಂದು ದಿನ ದೇವದುರ್ಗ ನಿಲ್ದಾಣದಲ್ಲಿ ಅವರು ಸೀಟಿಯನ್ನು ಬಾಯಿಂದ ತೆಗೆದು ಕರ್ಚೀಫಿನಿಂದ ಒರೆಸಿ ಜೇಬಿಗಿಟ್ಟದ್ದನ್ನು ಕಂಡೆ. ಕರ್ಚೀಫಿನ ಮೇಲೆ ಕೆಂಪು ಕಲೆ ಇತ್ತು. ಎಲೆ ಅಡಿಕೆ ಹಾಕಿದ್ದಾರೆ ಎಂದುಕೊಂಡೆ. ಅವರು ಎಲೆ ಅಡಿಕೆ ಹಾಕುವವರಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದುಕೊಂಡೆ.

ಕೆಲವು ತಿಂಗಳಲ್ಲಿ ಸೀಟಿ ನಿಂತಿತು. ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಎರಡು ಪೆಟ್ಟು ಹಾಕಿ ಬಸ್ಸು ಹೊರಡಿಸತೊಡಗಿದರು. ಅವರ ಜೋಡಿ ಡ್ರೈವರ್ ಮಾನ್ವಿ ಕಡೆಯ ಮುಸ್ಲಿಮರು, ಇವರಿಗಿಂತ ಕಿರಿಯರು, ಬಾಯಿ ಜೋರು. ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದರು: "ಗಾಡಿ ಏನು ತಪ್ಪು ಮಾಡ್ಯದ ಭಾಯ್, ಅದಕ್ಕ ಹೊಡಿತಿ? ಸೀಟಿ ಕಾಂ ಗಯಿ?"

"ಸೀಟಿ ಮನ್ಯಾಗ ಮರತೀನಿ. ನೀ ಗಾಡಿ ಬಿಡಪಾ."

"ದಿನಾ ಮರೀತಿ, ಪಗಾರ ಮಾತ್ರ ಮರಿಯಂಗಿಲ್ಲ."

ಬಸ್ಸು ನಗುತ್ತಿತ್ತು. ನಾನೂ ನಗುತ್ತಿದ್ದೆ.

ಅವರ ಊರು ಮಾನ್ವಿ ತಾಲ್ಲೂಕಿನ ಪೋತ್ನಾಳ. ಹೆಂಡತಿ, ಒಬ್ಬಳು ಮಗಳು. ಬೆಳಿಗ್ಗೆ ಹಲ್ಲು ತಿಕ್ಕುವುದಕ್ಕೆ ಉಪ್ಪು ಮತ್ತು ಇದ್ದಿಲ ಪುಡಿ. ರಕ್ತ ಬರುವ ತನಕ ತಿಕ್ಕುತ್ತಿದ್ದರು ಎಂದು ಅವರ ಹೆಂಡತಿ ನನಗೆ ಹೇಳಿದ್ದು ಬಹಳ ತಡವಾಗಿ. ಬೇಡವೆಂದರೆ, "ಕೆಟ್ಟ ರಕ್ತ ಹೋಗಿಬಿಡ್ಲಿ" ಎನ್ನುತ್ತಿದ್ದರಂತೆ. ಹಲ್ಲು ನೋವು ಹೆಚ್ಚಾದ ದಿನ ನಿಲ್ದಾಣದ ಔಷಧಿ ಅಂಗಡಿಯಲ್ಲಿ ನೋವಿನ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಚೀಟಿ ಬೇಕಿರಲಿಲ್ಲ, ಅಂಗಡಿಯವನಿಗೆ ಮುಖ ನೋಡಿದರೆ ಸಾಕಿತ್ತು. ಆಸ್ಪತ್ರೆಗೆ ತೋರಿಸಿ ಎಂದು ನಾನೂ ಒಮ್ಮೆ ಹೇಳಿದ್ದೆ.

"ಗುಟ್ಕಾ ತಿನ್ನಂಗಿಲ್ಲ, ಬೀಡಿ ಸೇದಂಗಿಲ್ಲ. ನನಗ್ಯಾಕ ಬಾಯಿ ರೋಗ ಬರ್ತದ ಹೇಳ್ರಿ?"

ಅದು ಅವರ ಖಚಿತ ನಂಬಿಕೆಯಾಗಿತ್ತು. ಬಾಯಿಯ ರೋಗವೆಂದರೆ ಗುಟ್ಕಾ ತಿನ್ನುವವರಿಗೆ ಬರುವುದು ಎಂದು ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರು ನಂಬಿದ್ದಾರೆ. ಗೋಡೆಗಳ ಮೇಲೆ ಬರೆದಿರುವುದೂ ಅಷ್ಟೇ.

ಅದೇ ವರ್ಷ ಗಬ್ಬೂರಿನಲ್ಲಿ ಉಚಿತ ದಂತ ತಪಾಸಣೆ ಶಿಬಿರ ನಡೆಯಿತು. ರಾಯಚೂರಿನಿಂದ ಒಬ್ಬ ಯುವ ವೈದ್ಯೆ ಬಂದಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡೆ. ವೇದಿಕೆಯ ಮೇಲೆ ಬಹಳ ಜನ. ವೈದ್ಯೆಗೆ ಮಾತನಾಡಲು ಸಿಕ್ಕಿದ್ದು ಐದು ನಿಮಿಷ. ಅಷ್ಟರಲ್ಲಿ ಅವರು ಹೇಳಿದ್ದು ಇಷ್ಟು: ವಸಡಿನಲ್ಲಿ ರಕ್ತ, ಕೀವು ಬಹಳ ದಿನ ಇದ್ದರೆ ಅದು ಬಾಯಲ್ಲೇ ನಿಲ್ಲುವುದಿಲ್ಲ. ಆ ಉರಿಯೂತ ರಕ್ತದ ಮೂಲಕ ಇಡೀ ಮೈಗೆ ತಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ವಸಡಿನ ರೋಗ ಹೆಚ್ಚು ಕಾಣುತ್ತದೆ, ವಸಡು ಕೆಟ್ಟಿರುವವರಲ್ಲಿ ಮೂತ್ರಪಿಂಡದ ಕಾಯಿಲೆಯೂ ಹೆಚ್ಚು ಕಾಣುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದು ವಸಡಿನಲ್ಲಿ ರಕ್ತ ಬರುವವರು ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹಿಂದಿನ ಸಾಲಿನಲ್ಲಿ ಯಾರೋ, "ಹಲ್ಲಿನ ಡಾಕ್ಟರಮ್ಮಗ ಉಚ್ಚಿ ಉಸಾಬರಿ ಯಾಕ ಬೇ?" ಎಂದರು. ಜನ ನಕ್ಕರು.

ನಾನು ಸುದ್ದಿ ಬರೆದೆ. ತಾಲ್ಲೂಕಿನ ಕಾರ್ಯಕ್ರಮಕ್ಕೆ ಒಂದು ಹಾಳೆ ಮೀರಬಾರದು ಎಂಬುದು ಕಚೇರಿಯ ಕಟ್ಟಳೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಆಮೇಲೆ ವೇದಿಕೆಯಲ್ಲಿದ್ದ ಉಳಿದವರ ಹೆಸರುಗಳು. ಹೆಸರು ಬಿಟ್ಟರೆ ಮರುದಿನ ಬೆಳಿಗ್ಗೆ ಅವರು ನನ್ನ ಮನೆಯ ಬಾಗಿಲಲ್ಲಿರುತ್ತಿದ್ದರು. ಮಾತು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಹಾಳೆ ತುಂಬಿತು. ಕೊನೆಗೆ ವೈದ್ಯೆಯ ಹೆಸರು ಹಾಕಿ, 'ದಂತ ಆರೋಗ್ಯದ ಮಹತ್ವ ತಿಳಿಸಿದರು' ಎಂದು ಮುಗಿಸಿದೆ.

ಕವರಿಗೆ ಹಾಕಿ, ಅಂಟು ಹಚ್ಚದೆ, ಅವರ ಕೈಗೆ ಕೊಟ್ಟೆ. ಅವರು ಎದೆಗಿಟ್ಟುಕೊಂಡು ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದರು, "ಇವತ್ತು ಏನದ?"

"ಹಲ್ಲಿನ ಶಿಬಿರ."

"ಹೌದಾ? ಓದ್ತೀನಿ."

ಮರುದಿನ ಅವರ ಷರಾ: "ನಿನ್ನಿ ಸುದ್ದ್ಯಾಗ ಹಲ್ಲು ಒಂದೂ ಇಲ್ರೀ. ಬರೀ ಹೆಸರದಾವ."

ಅದನ್ನು ತಮಾಷೆಯೆಂದು ಕಚೇರಿಯಲ್ಲಿ ಬಹಳ ಸಲ ಹೇಳಿ ನಗಿಸಿದ್ದೇನೆ.

ಆಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಇಂಟರ್‌ನೆಟ್ ಬಂತು, ವಾಟ್ಸ್‌ಆ್ಯಪ್ ಬಂತು, ಕವರುಗಳು ನಿಂತವು. ನಿಲ್ದಾಣದಲ್ಲಿ ಎಂದಾದರೂ ಕಂಡರೆ ಅವರು ದೂರದಿಂದಲೇ ಕೈ ಎತ್ತುತ್ತಿದ್ದರು, "ಏನ್ರೀ ಪೇಪರ್‌ನೋರ, ಎಲ್ಲಾರೂ ಉಪಸ್ಥಿತರಿದ್ದಾರೇನು?" ಅಷ್ಟೇ ಒಡನಾಟ ಉಳಿದಿತ್ತು.

ಎರಡು ವರ್ಷದ ಹಿಂದೆ ಡಯಾಲಿಸಿಸ್ ಯಂತ್ರಗಳ ಕೊರತೆಯ ಬಗ್ಗೆ ವರದಿ ಮಾಡಲು ರಾಯಚೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಮಲಗಿದ್ದರು. ಮುಖ ಊದಿತ್ತು, ಗುರುತು ಸಿಗಲಿಲ್ಲ. ಬಲಗೈಗೆ ಸೂಜಿ ಹಾಕಿದ್ದರು. ಎಡಗೈ ಮೆಲ್ಲಗೆ ಎದ್ದು ಬಾಯಿಗೆ ಅಡ್ಡ ಬಂತು. ಆಗ ಗುರುತು ಸಿಕ್ಕಿತು.

"ಬರ್ರಿ ಪೇಪರ್‌ನೋರ. ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಾಕ ಬಂದೀರಿ?"

ಬಿಪಿ ಯಾವಾಗಿನಿಂದ ಇತ್ತು ಎಂದು ಅವರಿಗೇ ಗೊತ್ತಿರಲಿಲ್ಲ. ಕಾಲು ಊದಿದಾಗ ನಿಂತು ನಿಂತು ಹೀಗಾಗಿದೆ ಎಂದುಕೊಂಡಿದ್ದರು. ಗೊತ್ತಾಗುವ ಹೊತ್ತಿಗೆ ಎರಡೂ ಮೂತ್ರಪಿಂಡ ಬಹುಪಾಲು ಹೋಗಿದ್ದವು. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ವಾರಕ್ಕೆ ಎರಡು ಸಲ ಪೋತ್ನಾಳದಿಂದ ಬಸ್ಸು ಹಿಡಿದು ಬರುತ್ತಿದ್ದರು. ಮಾನ್ವಿಯಲ್ಲಿರುವ ಅವರ ಅಕ್ಕ ಒಂದು ಕಿಡ್ನಿ ಕೊಡಲು ಮುಂದೆ ಬಂದಿದ್ದರು, ಪರೀಕ್ಷೆಯಲ್ಲಿ ಹೊಂದಿಕೆಯೂ ಆಗಿತ್ತು.

"ಮತ್ಯಾಕ ತಡ?" ಎಂದು ಕೇಳಿದೆ.

ಅವರು ಕೈ ಸರಿಸಿದರು. ಇಷ್ಟು ವರ್ಷದಲ್ಲಿ ಅವರ ಬಾಯನ್ನು ನಾನು ಪೂರ್ತಿ ಕಂಡದ್ದು ಅದೇ ಮೊದಲು. ವಸಡು ಕಪ್ಪುಗೆಂಪಾಗಿ ಹಿಂದಕ್ಕೆ ಸರಿದಿತ್ತು. ಹಲ್ಲುಗಳು ಒಂದಕ್ಕೊಂದು ಆಸರೆಯಾಗಿ ನಿಂತಂತಿದ್ದವು.

"ಇದಕ್ಕ ತಡ. ಬಾಯಿ ಸ್ವಚ್ಛ ಮಾಡಿಸ್ಕೊಂಡು ಹಲ್ಲಿನ ಡಾಕ್ಟರ ಪತ್ರ ತಂದ್ರ ಮುಂದಿನ ಮಾತು ಅಂತ ಹೇಳ್ಯಾರ."

ಕಸಿ ಮಾಡಿದ ಮೇಲೆ ಹೊಸ ಮೂತ್ರಪಿಂಡವನ್ನು ಮೈ ತಳ್ಳಿಹಾಕಬಾರದೆಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಕೊಡುತ್ತಾರೆ. ಆಗ ಬಾಯಲ್ಲಿ ಕೀವು ಉಳಿದಿದ್ದರೆ ಅದು ಜೀವಕ್ಕೇ ಬರಬಹುದು. ಆದ್ದರಿಂದ ಮೊದಲು ಬಾಯಿ. ನಾನು ಪರಿಚಯದ ಒಬ್ಬ ಹಲ್ಲಿನ ವೈದ್ಯೆಯ ಬಳಿ ಕರೆದುಕೊಂಡು ಹೋದೆ. ಪರಿಚಯವೆಂದರೆ ಹಳೆಯದು. ಗಬ್ಬೂರಿನ ಶಿಬಿರಕ್ಕೆ ಬಂದಿದ್ದ ಅದೇ ವೈದ್ಯೆ, ಈಗ ರಾಯಚೂರಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದಾರೆ.

ವೈದ್ಯೆ ಬಹಳ ಹೊತ್ತು ಪರೀಕ್ಷಿಸಿದರು. ಇವರನ್ನು ಹೊರಗೆ ಕೂರಿಸಿ ನನ್ನ ಹತ್ತಿರ, "ಎಷ್ಟು ವರ್ಷದಿಂದ ಹಿಂಗದ?" ಎಂದು ಕೇಳಿದರು. ಲೆಕ್ಕ ಹಾಕಿ ಹೇಳಿದೆ. ಅವರು ಕೈಗವಸು ತೆಗೆಯುತ್ತ, "ಆಗ ಗಬ್ಬೂರಿನಾಗ ಇದನ್ನ ಹೇಳಿದ್ದೆ. ನೀವು ಮುಂದ ಕುಂತು ಬರಕೊಂಡ್ರಿ. ಪೇಪರಿನಾಗ ನನ್ನ ಹೆಸರು ಬಂದಿತ್ತು. ಮಾತು ಬಂದಿರಲಿಲ್ಲ" ಎಂದರು. ದೂರುವ ದನಿಯಿರಲಿಲ್ಲ. ಆಮೇಲೆ, "ಹಲ್ಲಿಂದನ ಕಿಡ್ನಿ ಹೋಯ್ತು ಅಂತ ಬರೀಬ್ಯಾಡ್ರಿ ಮತ್ತ. ಬಿಪಿ ಇತ್ತು, ನೋವಿನ ಗುಳಿಗಿ ಇತ್ತು. ಒಂದನ್ನೊಂದು ಕೆಡಿಸ್ಕೊಂತ ಬಂದಾವ. ಆದ್ರ ಅವರು ಆಗ ಬಾಯಿ ತೋರಿಸಿದ್ರ ಉಳದದ್ದೂ ಆಗ ಗೊತ್ತಾಗ್ತಿತ್ತು" ಎಂದರು.

ಅಂದು ಮನೆಗೆ ಹೋಗಿ ಹಳೆಯ ನೋಟ್‌ಬುಕ್ಕುಗಳನ್ನು ಹುಡುಕಿದೆ. ಗಬ್ಬೂರಿನ ಪುಟ ಸಿಕ್ಕಿತು. ವೈದ್ಯೆಯ ಮಾತು ಪೂರ್ತಿ ಇತ್ತು. ಅದರ ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ, 'ಜಾಗವಿದ್ದರೆ'.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುವ ಪದ್ಧತಿ ಇದೆ. ಬಿಟ್ಟ ಸಾಲಿಗೆ ಅಂಥ ಪದ್ಧತಿಯಿಲ್ಲ.

ಹಲ್ಲುಗಳನ್ನು ಒಂದೇ ಸಲ ಕೀಳುವಂತಿರಲಿಲ್ಲ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುವುದರಿಂದ ಅದರ ಮರುದಿನ ಬರಬೇಕು, ಒಂದೋ ಎರಡೋ ಕಿತ್ತು, ಗಾಯ ಮಾಯುವ ತನಕ ಕಾಯಬೇಕು. ಅವರ ಗಾಯಗಳು ನಿಧಾನಕ್ಕೆ ಮಾಯುತ್ತಿದ್ದವು. ತಿಂಗಳುಗಳು ಹೋದವು. ಅವರ ಹಳೆಯ ಜೋಡಿ ಡ್ರೈವರ್ ರಜೆ ಹಾಕಿ ಒಮ್ಮೊಮ್ಮೆ ಜೊತೆಗೆ ಬರುತ್ತಿದ್ದರು. "ಭಾಯ್, ಹಲ್ಲು ಹೋದ್ರ ಹೋಗ್ಲಿ, ಇನ್ನ ಸೀಟಿ ಆರಾಮ ಹೊಡಿಬಹುದು" ಎಂದು ರೇಗಿಸುತ್ತಿದ್ದರು. ಇವರು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕುರ್ಚಿಯ ಕೈಗೆ ಎರಡು ಪೆಟ್ಟು ಹಾಕುತ್ತಿದ್ದರು. ಹೊರಡು ಎಂದು.

ನಾನು ಅವರ ಮುಂದೆ ತಪ್ಪು ಒಪ್ಪಿಕೊಂಡದ್ದು ಒಂದು ಡಯಾಲಿಸಿಸ್ ದಿನ. ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋಗಿದ್ದೆ. ಆ ಪುಟವನ್ನು ಅವರ ಕಣ್ಣೆದುರು ಹಿಡಿದೆ. ಅವರು ನಿಧಾನವಾಗಿ ಓದಿದರು. ಎರಡು ಸಲ ಓದಿದಂತೆ ಕಂಡಿತು.

"ಇದನ್ನ ನೀವು ಬರದು ಹಾಕಿದ್ರೂ ನಾ ಡಾಕ್ಟರ ಹಂತ್ಯಾಕ ಹೋಗ್ತಿದ್ದೆ ಅಂತ ಏನು ಗ್ಯಾರಂಟಿ ರೀ?" ಎಂದರು ಕೊನೆಗೆ.

ನನಗೆ ಹಗುರಾಯಿತು. ಅದು ಅವರಿಗೂ ಕಂಡಿರಬೇಕು.

"ಆದ್ರ ಓದ್ತಿದ್ದೆ" ಎಂದರು.

ಆಮೇಲೆ ಒಂದು ಕೆಲಸ ಹೇಳಿದರು. "ನಾ ಹೋದ್ರ ನಾಕು ಸಾಲು ಹಾಕ್ತೀರಲ್ಲ, ಅದರಾಗ ಇದನ್ನ ಹಾಕ್ರಿ. 'ಅಲ್ಪಕಾಲದ ಅನಾರೋಗ್ಯ' ಅಂತ ಬರೀಬ್ಯಾಡ್ರಿ, ಅಲ್ಪಕಾಲ ಅಲ್ಲ ಇದು. ನಮ್ಮ ಡಿಪೋದಾಗ ಇನ್ನೂ ನಾಕಾರು ಮಂದಿ ಸೀಟಿ ಒರಸಿ ಒರಸಿ ಇಟ್ಕೊಂತಾರ. ನಾ ನೋಡೀನಿ. ಅವರು ಬ್ಯಾರೆ ಏನೂ ಓದಂಗಿಲ್ಲ, ಸತ್ತವ್ರ ಸುದ್ದಿ ಓದ್ತಾರ."

"ಹಂಗ್ಯಾಕ ಅಂತೀರಿ, ಕಸಿ ಆಗ್ತದ."

"ಆದ್ರ ಆಗ್ಲಿ. ಮಾತು ಕೊಡ್ರಿ."

ಕೊಟ್ಟೆ.

ಕೊನೆಯ ಗಾಯ ಮಾಯಿತು. ವೈದ್ಯೆ ಪತ್ರ ಬರೆದುಕೊಟ್ಟರು: ಬಾಯಲ್ಲಿ ಸೋಂಕಿಲ್ಲ, ಕಸಿಗೆ ಅಡ್ಡಿಯಿಲ್ಲ. ಕವರಿಗೆ ಹಾಕಿ ಅಂಟು ಹಚ್ಚಲು ಹೋದಾಗ ಇವರು ತಡೆದರಂತೆ, "ಬ್ಯಾಡ್ರಿ ಡಾಕ್ಟರ, ದಾರ್ಯಾಗ ಓದ್ಬೇಕು." ಕಸಿ ಮಾಡುವ ಆಸ್ಪತ್ರೆಗೆ ಮುಂದಿನ ಸೋಮವಾರ ಅಕ್ಕನ ಜೊತೆ ಹೋಗುವುದೆಂದು ಗೊತ್ತಾಗಿತ್ತು. ಶುಕ್ರವಾರ ಬೆಳಿಗ್ಗೆ ಪೋತ್ನಾಳದ ಮನೆಯಲ್ಲಿ, ಡಯಾಲಿಸಿಸ್‌ಗೆ ಹೊರಡಲು ಅಂಗಿ ತೊಡುತ್ತಿದ್ದಾಗ, ಕುಸಿದು ಬಿದ್ದರು. ಹೃದಯ ನಿಂತಿತ್ತು. ಕವರು ಅಂಗಿಯೊಳಗೆ ಇತ್ತು ಎಂದು ಮಗಳು ಹೇಳಿದಳು.

ನಿಧನವಾರ್ತೆಯನ್ನು ನಾನೇ ಬರೆದೆ. ಹೆಸರು, ವಯಸ್ಸು, ಊರು, ಪತ್ನಿ, ಪುತ್ರಿ. ಕೊನೆಗೆ ಆ ಸಾಲು. ಪುಟ ಕಟ್ಟುವ ಡೆಸ್ಕು ಬೇರೆ ಊರಿನಲ್ಲಿದೆ. ಮರುದಿನ ಪತ್ರಿಕೆ ತೆರೆದೆ. 'ಅನಾರೋಗ್ಯದಿಂದ ನಿಧನರಾದರು' ಎಂದಿತ್ತು. ಆ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಸಂತಾಪ ಸೂಚಿಸಿದವರ ಹೆಸರುಗಳಿದ್ದವು. ನಾನು ಫೋನ್ ಮಾಡಿ ಕೇಳಲಿಲ್ಲ. ನಿಧನವಾರ್ತೆಯಲ್ಲಿ ಸಲಹೆ ಸೂಚನೆ ಬೇಡ ಎಂಬ ನಿಯಮವನ್ನು ಆ ಡೆಸ್ಕಿನವರಿಗೆ ಕಲಿಸಿದವನೇ ನಾನು.

ಮೂರನೆಯ ದಿನ ಪೋತ್ನಾಳಕ್ಕೆ ಹೋದೆ. ಅವರ ಹೆಂಡತಿಗೆ ಓದಲು ಬರುವುದಿಲ್ಲ. ಗೋಡೆಗೆ ಒರಗಿ ಕೂತಿದ್ದರು. ಪತ್ರಿಕೆಯನ್ನು ನನ್ನ ಕೈಗಿತ್ತರು.

"ಓದಿ ಹೇಳ್ರಿ ಯಪ್ಪಾ. ನೀವು ಒಂದು ಮಾತು ಹಾಕ್ತೀರಿ ಅಂತ ಹೇಳಿದ್ರು. ಬಂದದೇನು?"

ನಾನು ಓದಿದೆ. ಹೆಸರು, ವಯಸ್ಸು, ಊರು, ಪತ್ನಿ, ಪುತ್ರಿ. ಅಚ್ಚಾದದ್ದು ಮುಗಿಯಿತು. ನಾನು ನಿಲ್ಲಿಸಲಿಲ್ಲ. "ವಸಡಿನಲ್ಲಿ ಬಹಳ ದಿನದಿಂದ ರಕ್ತ ಬರುತ್ತಿರುವವರು ಅದನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು, ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು ಎಂಬುದು ಅವರ ಕೊನೆಯ ಕೋರಿಕೆಯಾಗಿತ್ತು." ಅಚ್ಚಾಗದ ಮಾತನ್ನು ಅಚ್ಚಾಗಿದೆ ಎಂದು ನಾನು ಓದಿದ್ದು ಈ ಕೆಲಸದಲ್ಲಿ ಅದೊಂದೇ ಸಲ. ಮಗಳು ನನ್ನ ಹೆಗಲ ಹಿಂದೆ ನಿಂತಿದ್ದಳು. ಅವಳು ಓದಿದವಳು.

"ಡಿಪೋದಾಗ ಎಲ್ಲಾರೂ ಓದ್ಯಾರೇನ್ರಿ?" ತಾಯಿ ಕೇಳಿದರು.

"ಓದ್ಯಾರ ಯವ್ವಾ."

ಮಗಳು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಪುಟ ಒಳಗೆ ಹೋಗುವಂತೆ ಮಡಚಿಟ್ಟಳು.

ಮರುದಿನ ಮಧ್ಯಾಹ್ನ ಆ ಸಾಲನ್ನು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಕೆಳಗೆ ಅವರ ಹೆಸರು. ಬೇರೆ ಯಾರ ಹೆಸರೂ ಇಲ್ಲ. ಕವರಿಗೆ ಹಾಕಿ ರಾಯಚೂರು ನಿಲ್ದಾಣಕ್ಕೆ ಹೋದೆ. ಈಗ ಆ ಬಸ್ಸಿನ ಕಂಡಕ್ಟರ್ ಒಬ್ಬ ಹೆಣ್ಣುಮಗಳು. ದೇವದುರ್ಗ ಡಿಪೋದ ನೋಟಿಸ್ ಬೋರ್ಡಿಗೆ ಎಂದು ಹೇಳಿ ಕೊಟ್ಟೆ.

ಆಕೆ ಕವರನ್ನು ತಿರುಗಿಸಿ ನೋಡಿದರು. "ಅಂಟು ಹಚ್ಚಿಲ್ಲಲ್ರೀ ಅಣ್ಣಾ."

"ಇರ್ಲಿ. ಟಿಕೇಟ್ ಮುಗದ ಮ್ಯಾಲ ನೀವೂ ಓದ್ರಿ."

ಆಕೆ ತಲೆಯಾಡಿಸಿ ಕವರನ್ನು ಚೀಲಕ್ಕಿಟ್ಟರು. ಬಾಗಿಲಲ್ಲಿ ನಿಂತು ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದರು. ಬಸ್ಸು ಹೊರಟಿತು. ಆಕೆ ಸೀಟಿಯನ್ನು ಬಾಯಿಂದ ತೆಗೆದರು. ಅದಕ್ಕೆ ಕೆಂಪು ಹತ್ತಿದೆಯೇ ನೋಡಬೇಕೆಂದು ನಾನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದೆ.